ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್ ಸುರಕ್ಷತೆ: ಮೊದಲ ಪಾಠ ಯಾವುದಾಗಿರಬೇಕು?

ಸಾಗರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್ ಸುರಕ್ಷತೆ ಬಗ್ಗೆ ವಾರಕ್ಕೊಂದು ಪಿರಿಯಡ್ ತೆಗೆದುಕೊಳ್ಳುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲಿ ನಿಮ್ಮೆಲ್ಲರ ಸಲಹೆ ಬೇಕು.

ಸಾಮಾನ್ಯವಾಗಿ ಸಿಗುವ ಪಾಠಗಳಲ್ಲಿ ಇರುವುದು ಇಷ್ಟು: ಒಟಿಪಿ ಕೊಡಬೇಡಿ, ಪಾಸ್‌ವರ್ಡ್ ಗಟ್ಟಿಯಾಗಿರಲಿ, ಗೊತ್ತಿಲ್ಲದವರ ಜೊತೆ ಮಾತಾಡಬೇಡಿ. ಎಲ್ಲವೂ ಸರಿಯೇ. ಆದರೆ ನಮ್ಮ ಮಕ್ಕಳ ಕೈಯಲ್ಲಿರುವುದು ಅಪ್ಪನದೋ ಅಮ್ಮನದೋ ಫೋನು. ಅದರಲ್ಲಿ ಅವರು ಇರುವುದು ರೀಲ್ಸ್‌ನಲ್ಲಿ, ಗೇಮ್‌ನಲ್ಲಿ, ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆಂದೇ ಸಾಲ ಮಾಡಿ ಫೋನ್ ತಂದ ಮನೆಗಳು ನಮ್ಮ ಕಡೆ ಬಹಳ ಇವೆ. ನೆಟ್‌ವರ್ಕ್‌ಗಾಗಿ ಮಕ್ಕಳು ಗುಡ್ಡ ಹತ್ತಿದ್ದು, ಸುಳ್ಯದ ಕಡೆ ಮಳೆಯಲ್ಲಿ ಓದುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದು ನಿಮಗೂ ನೆನಪಿರಬಹುದು. ಶಾಲೆ ತೆರೆಯಿತು, ಫೋನ್ ಮನೆಯಲ್ಲೇ ಉಳಿಯಿತು. ಅದನ್ನು ಬಳಸುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ.

ಕಳೆದ ವಾರ ಮಕ್ಕಳಿಗೆ ಚೀಟಿ ಕೊಟ್ಟು, ಹೆಸರು ಹಾಕದೆ ಉತ್ತರ ಬರೆಯಿರಿ ಅಂದೆ. ಪ್ರಶ್ನೆ ಒಂದೇ: "ನಿನ್ನ ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಮೊದಲು ಯಾರಿಗೆ ಹೇಳುತ್ತೀಯ?" ಬಹಳ ಚೀಟಿಗಳಲ್ಲಿ "ಯಾರಿಗೂ ಇಲ್ಲ" ಅಂತಿತ್ತು. ಒಂದರಲ್ಲಿ "ಹೇಳಿದರೆ ಶಾಲೆ ಬಿಡಿಸುತ್ತಾರೆ" ಅಂತ ಬರೆದಿತ್ತು.

ಇದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ಪಾಸ್‌ವರ್ಡ್‌ನ ಪಾಠ ಎರಡನೆಯದು. ತೊಂದರೆಯಾದರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ ಅನ್ನುವುದೇ ಮೊದಲನೆಯದು. ನೀವೇನು ಹೇಳುತ್ತೀರಿ?

ಹುಬ್ಬಳ್ಳಿ ಅಪ್ಪ

ಟೀಚರ್, ನಿಮ್ಮ ಕಾಳಜಿ ದೊಡ್ಡದು. ಆದರೆ ನನ್ನ ಅಭಿಪ್ರಾಯ ಬೇರೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಬೇಡವೇ ಬೇಡ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಪೀಠವೇ ವಿಚಾರಣೆ ಹೊತ್ತಿನಲ್ಲಿ, ಮದ್ಯಕ್ಕೆ ವಯಸ್ಸಿನ ಮಿತಿ ಇರುವ ಹಾಗೆ ಇದಕ್ಕೂ ಇರಬೇಕು ಅಂತ ಹೇಳಿತ್ತು. ಆಸ್ಟ್ರೇಲಿಯಾದಲ್ಲಿ ಕಾನೂನನ್ನೇ ಮಾಡಿದ್ದಾರೆ. ಹದಿಮೂರು ವರ್ಷದ ಮಗುವಿಗೆ ಇಷ್ಟೆಲ್ಲ ಜವಾಬ್ದಾರಿ ಹೊರಿಸುವುದು ಯಾಕೆ? ದುಡ್ಡು ಮಾಡುವ ಕಂಪನಿಗಳು ಹೊರಲಿ. ನನ್ನ ಇಬ್ಬರು ಮಕ್ಕಳಿಗೂ ಫೋನ್ ಕೊಟ್ಟಿಲ್ಲ. ಚೆನ್ನಾಗಿಯೇ ಇದ್ದಾರೆ.

ಮೆಲ್ಬರ್ನ್ ಕನ್ನಡತಿ

ಹುಬ್ಬಳ್ಳಿ ಅಣ್ಣ, ಆ ಕಾನೂನಿನ ಕೆಳಗೇ ಇರುವವಳು ನಾನು. ಇಲ್ಲಿ ಏನಾಗಿದೆ ಅಂತ ಸ್ವಲ್ಪ ಹೇಳುತ್ತೇನೆ.

2024ರ ಕೊನೆಯಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಯಿತು. 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. 16 ವರ್ಷದೊಳಗಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್ ಇಂಥವುಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ದಂಡ ಕಂಪನಿಗೆ, ಹೆಚ್ಚೆಂದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್. ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಜವಾಬ್ದಾರಿ ಕಂಪನಿಯದ್ದು ಅನ್ನುವ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಆದರೆ ವಾಟ್ಸಾಪ್ ಈ ಪಟ್ಟಿಯಲ್ಲಿ ಇಲ್ಲ. ಖಾತೆ ಇಲ್ಲದೆ ಯೂಟ್ಯೂಬ್ ನೋಡಬಹುದು. ಕ್ಲಾಸಿನ ಗುಂಪಿನಲ್ಲಿ ಒಬ್ಬ ಹುಡುಗಿಯನ್ನು ಎಲ್ಲರೂ ಸೇರಿ ಗೋಳು ಹೊಯ್ದುಕೊಳ್ಳುವುದು ವಾಟ್ಸಾಪ್‌ನಲ್ಲೂ ನಡೆಯುತ್ತದೆ. ಮತ್ತೆ 16 ತುಂಬಿದ ದಿನ ಏನು? ಆ ಮಗು ಅಲ್ಲಿಯವರೆಗೆ ಏನೂ ಕಲಿಯದೆ ಒಮ್ಮೆಲೇ ಒಳಗೆ ಹೋಗುತ್ತದೆ. ಇಲ್ಲಿನ ಇ-ಸೇಫ್ಟಿ ಕಮಿಷನರ್ ಕಚೇರಿ ಕಾನೂನು ಜಾರಿ ಮಾಡುವ ಜೊತೆಗೆ ಶಾಲೆಗಳಿಗೆ ಪಾಠಗಳನ್ನೂ ಕೊಡುತ್ತದೆ. ಎರಡೂ ಬೇಕು ಅಂತ ಅವರಿಗೂ ಗೊತ್ತು.

ಪಿಯು ಹುಡುಗಿ, ಚಿತ್ರದುರ್ಗ

ಇಲ್ಲಿ ಮಾತಾಡುತ್ತಿರುವವರಲ್ಲಿ ನಾನೇ ಚಿಕ್ಕವಳು ಅನ್ನಿಸುತ್ತದೆ. ಒಂದು ವಿಷಯ ಹೇಳಲಾ?

ಇನ್‌ಸ್ಟಾಗ್ರಾಂನಲ್ಲಿ 2025ರ ಫೆಬ್ರವರಿಯಿಂದ ನಮ್ಮ ದೇಶದಲ್ಲೂ ಟೀನ್ ಅಕೌಂಟ್ ಬಂದಿದೆ. 18ರೊಳಗಿನವರ ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ. ನಾವು ಫಾಲೋ ಮಾಡದವರು ನಮಗೆ ಮೆಸೇಜ್ ಕಳಿಸಲು ಆಗುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ನೋಟಿಫಿಕೇಶನ್ ಬರುವುದಿಲ್ಲ. 16ರೊಳಗಿನವರು ಇದನ್ನು ಬದಲಾಯಿಸಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಚೆನ್ನಾಗಿದೆ. ಆದರೆ ನನ್ನ ಗೆಳತಿಯರಲ್ಲಿ ಎಷ್ಟೋ ಜನರ ಖಾತೆ ಇರುವುದು ಅಮ್ಮನ ಫೋನಿನಲ್ಲಿ, ಅಮ್ಮನ ನಂಬರಿನಲ್ಲಿ, ಅಮ್ಮ ಹುಟ್ಟಿದ ವರ್ಷ ಹಾಕಿ ತೆರೆದದ್ದು. ಇನ್‌ಸ್ಟಾಗ್ರಾಂ ಲೆಕ್ಕದಲ್ಲಿ ಅವರು ನಲವತ್ತು ವರ್ಷದವರು. ಮಕ್ಕಳಿಗೆ ಅಂತ ಮಾಡಿದ ಯಾವ ರಕ್ಷಣೆಯೂ ಅವರಿಗೆ ಸಿಗುವುದಿಲ್ಲ. ದೊಡ್ಡವರಿಗೆ ತೋರಿಸುವ ಜಾಹೀರಾತು, ದೊಡ್ಡವರ ವಿಡಿಯೊ, ಯಾರು ಬೇಕಾದರೂ ಕಳಿಸಬಹುದಾದ ಮೆಸೇಜ್, ಎಲ್ಲ ಬರುತ್ತದೆ.

2023ರ ಡೇಟಾ ಕಾಯ್ದೆಯಲ್ಲೂ 18ರೊಳಗಿನವರ ಮಾಹಿತಿ ತೆಗೆದುಕೊಳ್ಳಲು ಪೋಷಕರ ಒಪ್ಪಿಗೆ ಬೇಕು ಅಂತಿದೆ. ನಮ್ಮ ಮನೆಗಳಲ್ಲಿ ಆ ಒಟಿಪಿ ನೋಡಿ ಟೈಪ್ ಮಾಡುವವರು ನಾವೇ ಅಲ್ವಾ? ಅದಕ್ಕೇ ಟೀಚರ್, ಮೊದಲ ಪಾಠದಲ್ಲಿ ಇದೂ ಇರಲಿ: ಖಾತೆ ತೆರೆಯುವುದಾದರೆ ನಿಜವಾದ ವಯಸ್ಸು ಹಾಕಿ. 13 ಆಗಿಲ್ಲದಿದ್ದರೆ ತೆರೆಯಬೇಡಿ. ಇದು ಸುಮ್ನೆ ನಿಯಮ ಅಂತಲ್ಲ, ನಿಜವಾದ ವಯಸ್ಸು ಹಾಕಿದರೆ ನಮಗೇ ಲಾಭ.

ಸಾಗರದ ಟೀಚರ್

ಪುಟ್ಟಿ, ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಹೇಳಿರಲಿಲ್ಲ. ಬರೆದುಕೊಂಡೆ.

ನಿವೃತ್ತ ಪಿಎಸ್‌ಐ

ನಾನು ಒಂದು ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆಂದೇ ಜಿಲ್ಲೆಗಳಲ್ಲಿ ಇರುವ ಠಾಣೆ ಅದು. ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಹೆದರಿಸುವವನ ಬಂಡವಾಳವೇ "ಇವಳು ಮನೆಯಲ್ಲಿ ಹೇಳುವುದಿಲ್ಲ" ಅನ್ನುವ ನಂಬಿಕೆ. ಹುಡುಗರಿಗೂ ಇದೇ ಮಾತು. ಹುಡುಗರು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ.

ನಡೆಯುವುದು ಹೀಗೆ. ಒಂದು ಹುಡುಗಿಯ ಹೆಸರಿನಲ್ಲಿ ರಿಕ್ವೆಸ್ಟ್ ಬರುತ್ತದೆ. ಎರಡು ದಿನ ಚಾಟ್. ಆಮೇಲೆ ವಿಡಿಯೊ ಕಾಲ್. ಆ ಕಡೆ ಓಡುವುದು ಮೊದಲೇ ರೆಕಾರ್ಡ್ ಆದ ವಿಡಿಯೊ, ಈ ಕಡೆ ಹುಡುಗನ ಮುಖ ರೆಕಾರ್ಡ್ ಆಗುತ್ತದೆ. ಅಷ್ಟರಲ್ಲಿ ಅವನ ಫಾಲೋವರ್ಸ್ ಪಟ್ಟಿಯನ್ನು ಬರೆದಿಟ್ಟುಕೊಂಡಿರುತ್ತಾರೆ. "ನಿನ್ನ ಅಕ್ಕನಿಗೆ ಕಳಿಸಲಾ, ನಿನ್ನ ಮೇಷ್ಟ್ರಿಗೆ ಕಳಿಸಲಾ" ಅಂತ ಶುರು ಮಾಡುತ್ತಾರೆ. ಒಮ್ಮೆ ದುಡ್ಡು ಕಳಿಸಿದರೆ ಮುಗಿಯುವುದಿಲ್ಲ. ಕೊಡುತ್ತಾನೆ ಅಂತ ಗೊತ್ತಾದ ಮೇಲೆ ಮತ್ತೆ ಮತ್ತೆ ಕೇಳುತ್ತಾರೆ.

ಮಕ್ಕಳಿಗೆ ಈ ಕ್ರಮ ಹೇಳಿಕೊಡಿ. ದುಡ್ಡು ಕಳಿಸಬೇಡ. ಇನ್ನೊಂದು ಫೋಟೊ ಅಂತೂ ಕಳಿಸಲೇಬೇಡ. ಚಾಟ್ ಅಳಿಸಬೇಡ. ಭಯದಲ್ಲಿ ಎಲ್ಲರೂ ಮೊದಲು ಮಾಡುವುದೇ ಅಳಿಸುವ ಕೆಲಸ, ಅದರ ಜೊತೆ ಸಾಕ್ಷಿಯೂ ಹೋಗುತ್ತದೆ. ಬೆದರಿಕೆಯ ಮೆಸೇಜ್, ಆ ಖಾತೆಯ ಯೂಸರ್‌ನೇಮ್, ದುಡ್ಡು ಕೇಳಿದ ಯುಪಿಐ ಐಡಿ, ಇವುಗಳ ಸ್ಕ್ರೀನ್‌ಶಾಟ್ ತೆಗೆದಿಡು. ಆಮೇಲೆ ಬ್ಲಾಕ್ ಮಾಡು. ದುಡ್ಡು ಈಗಾಗಲೇ ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸು. ಅಲ್ಲಿಂದ ಬ್ಯಾಂಕಿಗೆ ಸಂದೇಶ ಹೋಗಿ, ದುಡ್ಡು ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯುತ್ತಾರೆ. ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ಹೆಣ್ಣುಮಕ್ಕಳ, ಮಕ್ಕಳ ವಿಷಯದ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಈಗ ಶಿಕ್ಷಕರಿಗೆ ಒಂದು ಎಚ್ಚರಿಕೆ. ಮಗುವಿನ ಅಂಥ ಫೋಟೊ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಸಾಕ್ಷಿ ಅಂತ ಹೆಡ್‌ಮಾಸ್ಟರಿಗೆ, ಸ್ಟಾಫ್ ಗುಂಪಿಗೆ ಫಾರ್ವರ್ಡ್ ಮಾಡಬೇಡಿ. ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಬೇಡಿ. ಐಟಿ ಕಾಯ್ದೆಯ 67ಬಿ ಪ್ರಕಾರ ಅದನ್ನು ಹಂಚುವುದು ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಇಂಥದ್ದನ್ನು ನೋಡುವುದು, ಇಟ್ಟುಕೊಳ್ಳುವುದು ಹಗುರದ ವಿಷಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಮೂಲ ಫೋನ್ ಹಾಗೇ ಇರಲಿ, ಪೊಲೀಸರು ನೋಡಿಕೊಳ್ಳುತ್ತಾರೆ.

ದಾವಣಗೆರೆ ಅಮ್ಮ

ಸರ್, ನೀವು ಹೇಳಿದ್ದೆಲ್ಲ ಸರಿ. ಆದರೆ ಹದಿನಾಲ್ಕು ವರ್ಷದ ಹೆಣ್ಣುಮಗುವನ್ನು ಕರೆದುಕೊಂಡು ಸ್ಟೇಷನ್ ಮೆಟ್ಟಿಲು ಹತ್ತುವುದು ಅಂದರೆ ನಮ್ಮಂಥವರಿಗೆ ಎದೆ ಒಡೆಯುತ್ತದೆ. ಊರವರು ನೋಡುತ್ತಾರೆ. ಪೇಪರಿನಲ್ಲಿ ಬರುತ್ತದೆ. ಆಮೇಲೆ ಆ ಮಗು ಶಾಲೆಗೆ ಹೋಗುವುದು ಹೇಗೆ? ಈ ಭಯದಿಂದಲೇ ಎಷ್ಟೋ ಜನ ಸುಮ್ಮನಾಗುತ್ತಾರೆ.

ನಿವೃತ್ತ ಪಿಎಸ್‌ಐ

ಅಮ್ಮ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಈ ಭಯ ಗೊತ್ತಿದ್ದೇ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಲ್ಲಿ ಕೆಲವು ಮಾತು ಬರೆದಿದ್ದಾರೆ. ಇದು ಜನರಿಗೆ ತಲುಪಿಲ್ಲ ಅನ್ನುವುದೇ ನನ್ನ ಬೇಸರ.

ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲೇ ತೆಗೆದುಕೊಳ್ಳಬಹುದು, ಇಲ್ಲವೇ ಮಗು ಹೇಳಿದ ಜಾಗದಲ್ಲಿ. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಎಸ್‌ಐ ದರ್ಜೆಗಿಂತ ಕಡಿಮೆ ಇರಬಾರದು. ಯೂನಿಫಾರ್ಮ್ ಹಾಕಿರಬಾರದು. ಮಗುವನ್ನು ಯಾವ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ವಿಳಾಸ, ಫೋಟೊ, ಓದುವ ಶಾಲೆ, ಇದ್ಯಾವುದನ್ನೂ ಪತ್ರಿಕೆ, ಟಿವಿಯವರು ಬಯಲು ಮಾಡುವಂತಿಲ್ಲ. ಇದು ಕೇಳಿ ಪಡೆಯಬೇಕಾದ ಹಕ್ಕು. ಯಾರಾದರೂ ಬೇರೆ ಥರ ನಡೆದುಕೊಂಡರೆ ಈ ಮಾತನ್ನು ಮುಂದಿಡಿ.

ಇನ್ನೊಂದು ಕಡೆ, ಲೈಂಗಿಕ ಶೋಷಣೆಯ ವಿಷಯ ಗೊತ್ತಿದ್ದೂ ಹೇಳದೆ ಇರುವುದು ದೊಡ್ಡವರಿಗೆ ಅಪರಾಧ. ಆರು ತಿಂಗಳವರೆಗೆ ಶಿಕ್ಷೆ ಇದೆ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೇಳದ ಮಗುವಿಗೆ ಇದು ಅನ್ವಯಿಸುವುದಿಲ್ಲ, ಅದನ್ನೂ ಕಾಯ್ದೆಯೇ ಹೇಳುತ್ತದೆ. ಹಾಗಾಗಿ "ಶಾಲೆಯ ಹೆಸರು ಕೆಡುತ್ತದೆ" ಅಂತ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಟೀಚರ್ ಧೈರ್ಯವಾಗಿ ಉತ್ತರ ಕೊಡಬಹುದು.

ಐಟಿ ಅಕ್ಕ, ಮೈಸೂರು

ಇದಕ್ಕೆ ಸೇರಿಸಿ ಒಂದು. ಟೇಕ್ ಇಟ್ ಡೌನ್ ಅಂತ ಉಚಿತ ಸೇವೆ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಶುರು ಮಾಡಿದ್ದು, ಬೇರೆ ದೇಶದ ಮಕ್ಕಳೂ ಬಳಸಬಹುದು. 18ರೊಳಗೆ ತೆಗೆದ ಫೋಟೊ, ವಿಡಿಯೊಗೆ ಇದು. ಫೋಟೊವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರಿಂದ ಒಂದು ಉದ್ದದ ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥ ಕಡೆ ಅದೇ ಫೋಟೊ ಬಂದರೆ ಸಂಖ್ಯೆ ಹೊಂದಿ ಸಿಕ್ಕಿಬೀಳುತ್ತದೆ. ವಾಟ್ಸಾಪ್‌ನ ಖಾಸಗಿ ಚಾಟ್‌ನಲ್ಲಿ ಇದು ಕೆಲಸ ಮಾಡುವುದಿಲ್ಲ, ಅದು ಗೊತ್ತಿರಲಿ. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಅಂತ ಇಂಥದ್ದೇ ಇನ್ನೊಂದಿದೆ. ಮತ್ತೆ ನೇರವಾಗಿ ಕಂಪನಿಗೂ ದೂರು ಕೊಡಿ. ಇಂಥ ಫೋಟೊ ಅಥವಾ ನಕಲಿ ಫೋಟೊ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕು ಅಂತ 2021ರ ಐಟಿ ನಿಯಮ ಬಂದಾಗಲೇ ಬರೆದಿತ್ತು, ಆಮೇಲೆ ಆ ಗಡುವನ್ನು ಇನ್ನೂ ಕಡಿಮೆ ಮಾಡಿದ್ದಾರೆ.

ನಕಲಿ ಅಂದ ಮೇಲೆ ಇನ್ನೊಂದು ನೆನಪಾಯಿತು. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಹೆಣ್ಣುಮಗಳ ವಿಡಿಯೊಗೆ ಅಂಟಿಸಿ ಹರಡಿದರಲ್ಲ, ಆಗ ಅದು ದೊಡ್ಡ ಸುದ್ದಿ. ಆಗಲೇ ಅವರು, ತಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆ ಅಂತ ಊಹಿಸಲೂ ಆಗುವುದಿಲ್ಲ ಅನ್ನುವ ಅರ್ಥದ ಮಾತು ಬರೆದಿದ್ದರು. ಈಗ ಅಂಥ ಆ್ಯಪ್ ಯಾರ ಕೈಗಾದರೂ ಸಿಗುತ್ತದೆ. ಕ್ಲಾಸಿನ ಹುಡುಗನೇ ಕ್ಲಾಸಿನ ಹುಡುಗಿಯ ಫೋಟೊ ಹಾಕಿ ನೋಡಬಹುದು. ಅವನಿಗೆ ಅದು ತಮಾಷೆ. ಆದರೆ ಮುಖ ನಿಜವಾದದ್ದು, ನೋವು ನಿಜವಾದದ್ದು, ಕೇಸೂ ನಿಜವಾದದ್ದು. ಟೀಚರ್, ಹುಡುಗಿಯರಿಗೆ "ಫೋಟೊ ಹಾಕಬೇಡಿ" ಅಂತ ಹೇಳುವುದರಲ್ಲೇ ಪಿರಿಯಡ್ ಮುಗಿಸಬೇಡಿ. ಹುಡುಗರ ಜೊತೆ ಈ ಮಾತು ಆಡಿ. ಇದು ನನ್ನ ಕಳಕಳಿಯ ಬೇಡಿಕೆ.

ಹುಬ್ಬಳ್ಳಿ ಅಪ್ಪ

ಅಕ್ಕ ಹೇಳಿದ ಕೊನೆಯ ಮಾತು ಮನಸ್ಸಿಗೆ ತಟ್ಟಿತು. ನನಗಿರುವವರು ಇಬ್ಬರೂ ಗಂಡುಮಕ್ಕಳು.

ಬೀದರ್‌ನವ

ಎಲ್ಲರೂ ಮಕ್ಕಳಿಗೆ ಆಗುವ ಕೆಡುಕಿನ ಬಗ್ಗೆ ಬರೆದಿದ್ದೀರಿ. ಮಕ್ಕಳ ಕೈಯಿಂದ, ನಮ್ಮ ಕೈಯಿಂದ ಬೇರೆಯವರಿಗೆ ಆಗುವ ಕೆಡುಕಿನ ಬಗ್ಗೆಯೂ ಒಂದು ಪಿರಿಯಡ್ ಬೇಕು. ನಮ್ಮ ಜಿಲ್ಲೆಯಲ್ಲಿ ಆದದ್ದನ್ನು ಇಲ್ಲಿ ಹೇಳಲೇಬೇಕು ಅನ್ನಿಸಿತು.

2018ರಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಅಂತ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಓಡಾಡುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ವಿಡಿಯೊ. ಮೂಲದಲ್ಲಿ ಆ ಇಬ್ಬರು ತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಉಳಿದದ್ದು ನಮ್ಮ ಊರಿನದೇ ಅನ್ನುವ ಹಾಗೆ ಹಬ್ಬಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಇದೇ ಸಂಶಯದಲ್ಲಿ ಹೊಡೆದು ಕೊಂದರು.

ಜುಲೈನಲ್ಲಿ ನಮ್ಮ ಕಡೆ. ಹೈದರಾಬಾದಿನಿಂದ ಬಂದ ಗೆಳೆಯರು ಒಂದು ಹಳ್ಳಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಜನ ಸಂಶಯಪಟ್ಟರು, ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ಮೆಸೇಜ್ ಮುಂದಿನ ಊರು ಮುಟ್ಟಿತು. ಮುರ್ಕಿಯಲ್ಲಿ ರಸ್ತೆ ಅಡ್ಡಗಟ್ಟಿದರು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಒಬ್ಬ ಯುವಕ ಸತ್ತ. ಅವನಿಗೂ ಚಿಕ್ಕ ಮಗು ಇತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿ ಬಹಳ ಜನರನ್ನು ಬಂಧಿಸಿದರು.

ಅಲ್ಲಿ ಮೆಸೇಜ್ ಒತ್ತಿದ ಪ್ರತಿಯೊಬ್ಬನೂ ಮಕ್ಕಳನ್ನು ಕಾಪಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದ. ಕೆಟ್ಟವರು ಮಾತ್ರ ಕೆಟ್ಟದ್ದು ಮಾಡುತ್ತಾರೆ ಅಂತ ಮಕ್ಕಳಿಗೆ ಹೇಳಿಕೊಟ್ಟರೆ ಇದು ಅವರಿಗೆ ತಿಳಿಯುವುದೇ ಇಲ್ಲ.

ಆ ತಿಂಗಳೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತರುವುದಾಗಿ ಹೇಳಿತು. ಈಗ ಬಹಳ ಸಲ ಫಾರ್ವರ್ಡ್ ಆದ ಮೆಸೇಜ್ ಮೇಲೆ ಎರಡು ಬಾಣದ ಗುರುತು ಬರುತ್ತದೆ, ಅದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಬಹುದು. ನಾನು ನಮ್ಮೂರ ಗ್ರಂಥಾಲಯಕ್ಕೆ ಬರುವ ಹುಡುಗರಿಗೆ ಆ ಎರಡು ಬಾಣ ತೋರಿಸುತ್ತೇನೆ. ಇದು ಕಂಡರೆ ನಿಲ್ಲು. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕು, ಹಳೆಯದಾ ಬೇರೆ ಊರಿನದಾ ನೋಡು. ಗೊತ್ತಾಗದಿದ್ದರೆ ಕಳಿಸಬೇಡ. ಇಷ್ಟೇ ಹೇಳುತ್ತೇನೆ. ಅವರು ಮನೆಗೆ ಹೋಗಿ ಅಪ್ಪಂದಿರಿಗೆ ಹೇಳುತ್ತಾರೆ, ಅದರಿಂದ ಜಾಸ್ತಿ ಕೆಲಸವಾಗುತ್ತದೆ.

ಸಾಗರದ ಟೀಚರ್

ಅಣ್ಣ, ಇದನ್ನು ಎರಡು ಸಲ ಓದಿದೆ. ಸಮಾಜ ವಿಜ್ಞಾನದ ಪಿರಿಯಡ್‌ನಲ್ಲೇ ಹೇಳಬೇಕಾದ ಪಾಠ ಇದು. ಪೌರತ್ವ ಅಂತ ನಾವು ಹೇಳಿಕೊಡುವುದು ಇದನ್ನೇ ತಾನೇ. ಕತ್ತರಿಸಿದ ವಿಡಿಯೊದ ಕಥೆಯನ್ನು ಮಕ್ಕಳಿಗೆ ಮೊದಲ ಭಾಗ ಹೇಳಿ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತೇನೆ.

ಬ್ಯಾಂಕ್ ಸಿಬ್ಬಂದಿ, ತುಮಕೂರು

ನನ್ನ ಕಡೆಯಿಂದ ಒಂದು. ಹತ್ತನೇ ಕ್ಲಾಸು, ಪಿಯು ಮಕ್ಕಳಿಗೆ ಇದು ಬೇಕೇ ಬೇಕು: ಖಾತೆ ಬಾಡಿಗೆಗೆ ಕೊಡುವ ವಿಷಯ.

"ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತದೆ, ನಿನ್ನ ಪಾಲು ಇಟ್ಟುಕೊಂಡು ಉಳಿದದ್ದು ತೆಗೆದುಕೊಡು" ಅಂತ ಯಾರೋ ಸೀನಿಯರ್ ಕೇಳುತ್ತಾನೆ. ಕೆಲವರು ಎಟಿಎಂ ಕಾರ್ಡು, ಸಿಮ್ಮು ಎರಡನ್ನೂ ಕೇಳುತ್ತಾರೆ. ಹುಡುಗನಿಗೆ ಸುಲಭದ ದುಡ್ಡು ಅನ್ನಿಸುತ್ತದೆ. ಅದು ಯಾರದೋ ಜೀವಮಾನದ ಉಳಿತಾಯ. ಪೊಲೀಸರ ಸೋಗಿನಲ್ಲಿ ವಿಡಿಯೊ ಕಾಲ್ ಮಾಡಿ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ತುಕೊಂಡದ್ದೂ ಇರಬಹುದು. 1930ಕ್ಕೆ ದೂರು ಹೋದಾಗ ಮೊದಲು ಸಿಕ್ಕಿಬೀಳುವುದು ಈ ಖಾತೆಯೇ, ಯಾಕೆಂದರೆ ಹೆಸರು, ಆಧಾರ್, ಫೋಟೊ ಎಲ್ಲ ಹುಡುಗನದೇ. ಮೋಸಗಾರನ ಹೆಸರು ಎಲ್ಲಿಯೂ ಇರುವುದಿಲ್ಲ.

ಖಾತೆಗೆ ತಡೆ ಬಿದ್ದರೆ ಸ್ಕಾಲರ್‌ಶಿಪ್ ದುಡ್ಡೂ ತೆಗೆಯಲಾಗುವುದಿಲ್ಲ. ಅಮ್ಮನ ಖಾತೆ ಕೊಟ್ಟಿದ್ದರೆ ಗೃಹಲಕ್ಷ್ಮಿ ದುಡ್ಡು ಅಲ್ಲೇ ನಿಲ್ಲುತ್ತದೆ. ಜೊತೆಗೆ ಪೊಲೀಸ್ ಕೇಸು. ಈಗ ಹತ್ತು ವರ್ಷ ದಾಟಿದ ಮಕ್ಕಳೇ ಸ್ವಂತವಾಗಿ ಉಳಿತಾಯ ಖಾತೆ ತೆರೆಯಲು ಬ್ಯಾಂಕುಗಳು ಅವಕಾಶ ಕೊಡಬಹುದು ಅಂತ ಆರ್‌ಬಿಐ 2025ರಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ಖಾತೆಯ ಜೊತೆಗೆ ಈ ಮಾತೂ ಮಗುವಿಗೆ ಹೋಗಬೇಕು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿತು. ಆದರೂ ಅಂಥ ಲಿಂಕ್ ಕಳಿಸಿ ಖಾತೆ ಕೇಳುವವರು ಇದ್ದಾರೆ.

ಆಪ್ತ ಸಮಾಲೋಚಕಿ, ಬೆಂಗಳೂರು

ಚರ್ಚೆ ಓದುತ್ತಾ ಬಂದೆ. ಟೀಚರ್ ಎತ್ತಿದ ಮೊದಲ ಪ್ರಶ್ನೆಗೆ ಮರಳುತ್ತೇನೆ.

ಮಗು ಬಂದು ಹೇಳಿದ ಆ ಮೊದಲ ಐದು ನಿಮಿಷದಲ್ಲಿ ದೊಡ್ಡವರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. "ನಿನಗೆ ಮೊದಲೇ ಹೇಳಿದ್ದೆ" ಅಂತ ಶುರು ಮಾಡಿದರೆ ಮಗು ಅಲ್ಲಿಗೇ ನಿಲ್ಲಿಸುತ್ತದೆ, ಅರ್ಧ ವಿಷಯ ಒಳಗೇ ಉಳಿಯುತ್ತದೆ. ಫೋನ್ ಕಿತ್ತುಕೊಂಡರೆ ಅದು ಹೇಳಿದ್ದಕ್ಕೆ ಸಿಕ್ಕ ಶಿಕ್ಷೆ ಆಗುತ್ತದೆ. ಮುಂದಿನ ಸಲ ಹೇಳುವುದಿಲ್ಲ, ಅದನ್ನು ನೋಡಿದ ತಂಗಿಯೂ ಹೇಳುವುದಿಲ್ಲ. "ಹೇಳಿದ್ದು ಒಳ್ಳೆಯದಾಯಿತು. ತಪ್ಪು ಮಾಡಿದವನು ಅವನು. ಈಗ ನಾವಿಬ್ಬರೂ ಸೇರಿ ನೋಡೋಣ" ಅನ್ನಿ. ಬೇರೆ ದೊಡ್ಡ ಮಾತು ಬೇಡ. ಬಯ್ಯಬೇಕಾದದ್ದು ನಿಜವಾಗಿ ಇದ್ದರೆ ಎರಡು ವಾರ ಬಿಟ್ಟು ಮಾತಾಡಿ.

ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮಾನಸಿಕವಾಗಿ ಕುಸಿದ ಹಾಗೆ ಕಂಡರೆ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಗೇಮ್, ರೀಲ್ಸ್ ಬಿಡಲಾಗದ ಸ್ಥಿತಿಗೆ ಹೋದ ಮಕ್ಕಳಿಗೆ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ.

ಮಕ್ಕಳಿಗೆ ಕಲಿಸುವ ಪಿರಿಯಡ್ ಒಂದಾದರೆ, ಪೋಷಕರಿಗೆ ಎರಡು ಬೇಕು ಅನ್ನುವುದು ನನ್ನ ಅನುಭವ.

ದಾವಣಗೆರೆ ಅಮ್ಮ

ನಾವೇ ಮಕ್ಕಳ ಫೋಟೊ ಹಾಕುತ್ತೇವಲ್ಲ, ಅದರ ಬಗ್ಗೆಯೂ ಮಾತಾಡಿ. ಯೂನಿಫಾರ್ಮ್ ಮೇಲೆ ಶಾಲೆಯ ಹೆಸರು, ಸ್ಟೇಟಸ್‌ನಲ್ಲಿ ಹುಟ್ಟಿದ ತಾರೀಕು, ಮನೆ ಮುಂದೆ ನಿಂತ ಚಿತ್ರ. ನನ್ನ ಮಗಳು ಒಂದು ದಿನ "ನನ್ನ ಫೋಟೊ ಹಾಕುವ ಮೊದಲು ನನ್ನನ್ನು ಕೇಳಮ್ಮ" ಅಂದಳು. ಅದು ನ್ಯಾಯವಾದ ಮಾತು. ಶಾಲೆಗಳೂ ಕೇಳುವುದಿಲ್ಲ.

ಹುಬ್ಬಳ್ಳಿ ಅಪ್ಪ

ಇಷ್ಟೆಲ್ಲ ಓದಿದ ಮೇಲೂ, ಚಿಕ್ಕ ಮಕ್ಕಳಿಗೆ ಸ್ವಂತ ಫೋನ್ ಬೇಡ ಅನ್ನುವ ಮಾತಿಗೆ ನಾನು ಅಂಟಿಕೊಳ್ಳುತ್ತೇನೆ. ಆದರೆ ಫೋನ್ ಕೊಡದಿದ್ದರೆ ಪಾಠವೂ ಬೇಡ ಅಂತಲ್ಲ, ಅದನ್ನು ಒಪ್ಪುತ್ತೇನೆ. ಫೋನ್ ಗೆಳೆಯನ ಕೈಯಲ್ಲಿ ಇದ್ದೇ ಇರುತ್ತದೆ. ನನ್ನ ಹುಡುಗರ ಜೊತೆ ಮೈಸೂರಿನ ಅಕ್ಕ ಹೇಳಿದ ವಿಷಯ ಈ ಭಾನುವಾರ ಮಾತಾಡುತ್ತೇನೆ.

ಸಾಗರದ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ನಾನು ಹೀಗೆ ಯೋಚಿಸಿದ್ದೇನೆ. ಮೊದಲ ಪಿರಿಯಡ್: ಯಾರಿಗೆ ಹೇಳಬೇಕು, ಹೇಳಿದರೆ ಏನಾಗುತ್ತದೆ. 1930, 1098 ಎರಡನ್ನೂ ಬೋರ್ಡಿನ ಮೂಲೆಯಲ್ಲಿ ವರ್ಷಪೂರ್ತಿ ಬರೆದಿಡುತ್ತೇನೆ. ಎರಡನೆಯದು ಮುರ್ಕಿಯ ಕಥೆ. ಮೂರನೆಯದು ಹುಡುಗರು ಹುಡುಗಿಯರು ಒಟ್ಟಿಗೆ ಕೂತು ನಕಲಿ ಫೋಟೊ ಬಗ್ಗೆ ಮಾತಾಡುವುದು. ಖಾತೆಯ ವಿಷಯ ಹತ್ತನೇ ಕ್ಲಾಸಿಗೆ. ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರ ಜೊತೆ ಅರ್ಧ ಗಂಟೆ ಕೇಳಿದ್ದೇನೆ, ಅಧ್ಯಕ್ಷರು ಒಪ್ಪಿದ್ದಾರೆ. ತಾಯಂದಿರು ಬರುವಾಗ ಫೋನ್ ತರಲಿ ಅಂತ ಹೇಳಿಕಳಿಸಿದ್ದೇನೆ.

ಚಿತ್ರದುರ್ಗದ ಪುಟ್ಟಿ, ಅಮ್ಮನ ಫೋನಿನಲ್ಲಿ ಅಲ್ಲೇ ಕೂತು ಏನೇನು ಸರಿ ಮಾಡಿಸಬಹುದು? ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದು ಹೇಳು.

ಪಿಯು ಹುಡುಗಿ, ಚಿತ್ರದುರ್ಗ

ಹೇಳುತ್ತೇನೆ ಮೇಡಂ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವಸಿಗೆ ಹೋಗಿ. ಅಲ್ಲಿ ಗ್ರೂಪ್ಸ್ ಅಂತಿದೆ, ಅದನ್ನು ಮೈ ಕಾಂಟ್ಯಾಕ್ಟ್ಸ್ ಮಾಡಿಸಿ. ಯಾರು ಬೇಕಾದರೂ ಗುಂಪಿಗೆ ಸೇರಿಸುವುದು ನಿಲ್ಲುತ್ತದೆ. ಪ್ರೊಫೈಲ್ ಫೋಟೊವನ್ನೂ ಹಾಗೇ ಮಾಡಿಸಿ. ಫೋನ್‌ಪೇ, ಗೂಗಲ್ ಪೇಗೆ ಬೇರೆ ಲಾಕ್ ಇರಲಿ, ಯುಪಿಐ ಪಿನ್ ಮಕ್ಕಳಿಗೆ ಬೇಡ. ಇನ್‌ಸ್ಟಾಗ್ರಾಂ ಅಮ್ಮನ ವಯಸ್ಸಿನಲ್ಲಿದ್ದರೆ ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಪ್ರೈವೇಟ್ ಮಾಡಿಸಿ, ಆಮೇಲೆ ವಯಸ್ಸು ಸರಿ ಮಾಡುವುದೋ ಅಳಿಸುವುದೋ ಅವರೇ ತೀರ್ಮಾನಿಸಲಿ. ಮಗುವಿಗೆ ಗೊತ್ತಿಲ್ಲದ ಹಾಗೆ ಅಳಿಸಬೇಡಿ, ಇನ್ನೊಂದು ಖಾತೆ ತೆರೆಯುತ್ತಾರೆ, ಅದು ಯಾರಿಗೂ ಗೊತ್ತಾಗುವುದಿಲ್ಲ. ಸ್ನ್ಯಾಪ್‌ಚಾಟ್ ಇದ್ದರೆ ಮ್ಯಾಪ್‌ನಲ್ಲಿ ಘೋಸ್ಟ್ ಮೋಡ್ ಹಾಕಿಸಿ, ಎಲ್ಲಿದ್ದೇವೆ ಅಂತ ತೋರಿಸುವುದಿಲ್ಲ.

ಕೊನೆಗೆ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಗೊತ್ತಿಲ್ಲದ ಕಂಪ್ಯೂಟರ್ ಹೆಸರು ಕಂಡರೆ ಒತ್ತಿ ಲಾಗ್ ಔಟ್ ಕೊಡಿ. ಆಮೇಲೆ ಟೂ ಸ್ಟೆಪ್ ವೆರಿಫಿಕೇಶನ್‌ಗೆ ಆರು ಅಂಕಿಯ ಪಿನ್ ಹಾಕಿಸಿ. ಪಿನ್ ಹಾಕುವುದು ಅಮ್ಮನೇ ಆಗಿರಲಿ, ನಾವು ಟೈಪ್ ಮಾಡಿಕೊಡುವುದು ಬೇಡ.